ಅನ್ನ ಬಿಟ್ಟರೆ ಮೈಯೊಳಗೆ ಆಗುವುದೇನು?

ನಾನು ವೈದ್ಯನಲ್ಲ, ಈ ಕಾಲೇಜಿನಲ್ಲಿ ಚರಿತ್ರೆಯ ಪಾಠ ಹೇಳುವವನು. ಹಾಗಿರಲು, ಈ ಸಲದ ಸಂಚಿಕೆಗೆ ಹೊಯ್ಸಳರನ್ನೋ ಬಹಮನಿ ಸುಲ್ತಾನರನ್ನೋ ಬಿಟ್ಟು ಶರೀರದ ವಿಷಯವನ್ನು ಎತ್ತಿಕೊಂಡಿರುವುದೇಕೆ ಎಂದು ವಿದ್ಯಾರ್ಥಿ ಮಿತ್ರರು ಆಶ್ಚರ್ಯಪಡಬಹುದು. ಕಾರಣವಿದೆ. ಕಳೆದ ವರ್ಷ ಎರಡು ತಿಂಗಳ ಕಾಲ ನಾನು ಅನ್ನ, ಮುದ್ದೆ, ಚಪಾತಿಗಳನ್ನು ಬಿಟ್ಟಿದ್ದೆ. ಅದರಿಂದ ನನಗಾದ ಅನುಭವ ಒಂದು ಬಗೆಯದು. ನನ್ನನ್ನು ನೋಡಿ ಅದನ್ನೇ ಮಾಡಹೋದ ನನ್ನ ಅಕ್ಕನ ಮಗನಿಗಾದ ಅನುಭವ ಇನ್ನೊಂದು ಬಗೆಯದು. ಎರಡಕ್ಕೂ ಮೂಲವಾದ ವಸ್ತು ಒಂದೇ. ಅದು ನನ್ನ ಸೊಂಟದ ಬೆಲ್ಟನ್ನು ಎರಡು ತೂತು ಒಳಕ್ಕೆ ತಂದಿತು. ಆ ಹುಡುಗನನ್ನು ಆಸ್ಪತ್ರೆಗೆ ಒಯ್ದಿತು.

ಈಗ ನಮ್ಮ ವಿದ್ಯಾರ್ಥಿನಿಲಯದಲ್ಲಿಯೂ ಫೋನಿನಲ್ಲಿ ನೋಡಿ, 'ಕೀಟೋ ಮಾಡುತ್ತಿದ್ದೇನೆ' ಎಂದು ಹೇಳಿಕೊಂಡು ಅನ್ನದ ತಟ್ಟೆಯನ್ನು ಅತ್ತ ಸರಿಸುವವರು ಇದ್ದಾರೆಂದು ಕೇಳಿದ್ದೇನೆ. ಅವರನ್ನು ಹಾಸ್ಯ ಮಾಡುವುದಕ್ಕಾಗಲಿ ಹುರಿದುಂಬಿಸುವುದಕ್ಕಾಗಲಿ ನಾನು ಬರೆಯುತ್ತಿಲ್ಲ. ಅನುಭವಿಸಿದ್ದನ್ನೂ ಆಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನೂ ಕ್ರಮವಾಗಿ ಹೇಳಿಬಿಡುವುದು ನನ್ನ ಉದ್ದೇಶ.

೧. ಕೊಟ್ಟಿಗೆಯಲ್ಲಿ ಕೇಳಿದ ಮಾತು

'ಕೀಟೋಸಿಸ್' ಎಂಬ ಶಬ್ದವನ್ನು ನಾನು ಮೊದಲು ಕೇಳಿದ್ದು ಮನುಷ್ಯರ ಆಸ್ಪತ್ರೆಯಲ್ಲಲ್ಲ, ನಮ್ಮ ಊರಿನ ಕೊಟ್ಟಿಗೆಯಲ್ಲಿ. ಆಗ ನಮ್ಮ ಮನೆಯಲ್ಲಿ ಒಂದು ಸೀಮೆಹಸು ಇತ್ತು. ಕರು ಹಾಕಿ ಮೂರು ವಾರವಾಗಿತ್ತು. ಹೊತ್ತಿಗೆ ಒಂಬತ್ತು ಹತ್ತು ಲೀಟರು ಹಾಲು ಕರೆಯುತ್ತಿತ್ತು. ಇದ್ದಕ್ಕಿದ್ದ ಹಾಗೆ ಹಿಂಡಿ ಬೂಸವನ್ನು ಮೂಸಿ ಬಿಟ್ಟುಬಿಟ್ಟಿತು. ಒಣಹುಲ್ಲನ್ನು ಮಾತ್ರ ಒಂದಿಷ್ಟು ಎಳೆಯುತ್ತಿತ್ತು. ಹಾಲು ಅರ್ಧಕ್ಕಿಳಿಯಿತು. ದನದ ಡಾಕ್ಟರು ಬಂದವರು ಹಸುವಿನ ಮೂತಿಯ ಹತ್ತಿರ ಮೂಗು ಹಿಡಿದು ಉಸಿರನ್ನು ನೋಡಿದರು. "ಹಣ್ಣು ಕಳಿತ ವಾಸನೆ ಬರುತ್ತೆ ನೋಡಿ. ಕೀಟೋಸಿಸ್ಸು" ಎಂದರು. ಕತ್ತಿನ ನರಕ್ಕೆ ಗ್ಲೂಕೋಸಿನ ಬಾಟಲಿ ಏರಿಸಿದರು.

ಅವರು ನಮ್ಮ ತಾಯಿಗೆ ಹೇಳಿದ ವಿವರಣೆ ನನಗೆ ಇನ್ನೂ ನೆನಪಿದೆ. ಹಾಲಿನಲ್ಲಿರುವ ಸಕ್ಕರೆಯನ್ನು ಮಾಡುವುದಕ್ಕೆ ಕೆಚ್ಚಲು ರಕ್ತದಲ್ಲಿರುವ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ. ಕರು ಹಾಕಿದ ಹೊಸದರಲ್ಲಿ ಹಾಲು ಬೇಗ ಏರುತ್ತದೆ. ಮೇವು ತಿನ್ನುವ ಶಕ್ತಿ ಅಷ್ಟು ಬೇಗ ಏರುವುದಿಲ್ಲ. ಆಗ ಹಸು ತನ್ನ ಮೈಯ ಕೊಬ್ಬನ್ನು ಕರಗಿಸಿ ಬದುಕತೊಡಗುತ್ತದೆ. ಕೊಬ್ಬು ಮಿತಿಮೀರಿ ಕರಗಿದಾಗ ಯಕೃತ್ತಿನಲ್ಲಿ ಕೀಟೋನು ಎಂಬ ವಸ್ತುಗಳು ಹುಟ್ಟಿ ರಕ್ತದಲ್ಲಿ ತುಂಬಿಕೊಳ್ಳುತ್ತವೆ.

"ಹಂಗಾದ್ರೆ ತಿನ್ನೋದಕ್ಕಿಂತ ಕೊಡೋದು ಜಾಸ್ತಿ ಆಯ್ತು ಅನ್ನಿ" ಎಂದರು ನಮ್ಮ ತಾಯಿ. ಶಾಸ್ತ್ರವನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ನನ್ನಿಂದ ಸಾಧ್ಯವಿಲ್ಲ. ಹಸು ನಾಲ್ಕು ದಿನಗಳಲ್ಲಿ ಚೇತರಿಸಿಕೊಂಡಿತು. ಆ ವಾಸನೆಯನ್ನು ಮಾತ್ರ ನಾನು ಮರೆತುಬಿಟ್ಟೆನೆಂದೇ ತಿಳಿದಿದ್ದೆ.

೨. ಮಡಕೆ ಮತ್ತು ಹಗೇವು

ಮನುಷ್ಯನ ದೇಹದಲ್ಲಿ ಇದು ಹೇಗೆ ನಡೆಯುತ್ತದೆಂಬುದನ್ನು ಈಗ ನೋಡೋಣ. ಹಿಂದೆ ನಮ್ಮ ಸೀಮೆಯಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಧಾನ್ಯ ಕೆಡುತ್ತಿರಲಿಲ್ಲ. ನಿತ್ಯದ ಖರ್ಚಿಗೆ ಅಡಿಗೆಮನೆಯಲ್ಲಿ ಒಂದು ಮಡಕೆ. ಮಡಕೆಯಲ್ಲಿ ಇರುವ ತನಕ ಹಗೇವಿನ ಬಾಯಿಯನ್ನು ಯಾರೂ ತೆಗೆಯುವುದಿಲ್ಲ.

ನಮ್ಮ ದೇಹದಲ್ಲಿಯೂ ಇಂಥ ಏರ್ಪಾಡೇ ಇದೆ. ಅನ್ನ, ರಾಗಿ, ಗೋಧಿ, ಬೆಲ್ಲ, ಹಣ್ಣು, ಗೆಡ್ಡೆಗಳಲ್ಲಿರುವ ಶರ್ಕರಪಿಷ್ಟವು ಕರುಳಿನಲ್ಲಿ ಜೀರ್ಣವಾಗಿ ಬಹುಮಟ್ಟಿಗೆ ಗ್ಲೂಕೋಸಾಗಿ ರಕ್ತಕ್ಕೆ ಸೇರುತ್ತದೆ. ಕೂಡಲೆ ಬೇಡವಾದ ಗ್ಲೂಕೋಸು ಗ್ಲೈಕೋಜನ್ ಎಂಬ ರೂಪದಲ್ಲಿ ಯಕೃತ್ತಿನಲ್ಲಿ ಸುಮಾರು ೧೦೦ ಗ್ರಾಂ, ಮಾಂಸಖಂಡಗಳಲ್ಲಿ ಸುಮಾರು ೪೦೦ ಗ್ರಾಂ ಶೇಖರವಾಗುತ್ತದೆ. ಇದು ಅಡಿಗೆಮನೆಯ ಮಡಕೆ. ಒಂದು ದಿನದ ಉಪವಾಸದಲ್ಲಿ ಯಕೃತ್ತಿನ ಪಾಲು ಬಹುತೇಕ ಬರಿದಾಗುತ್ತದೆ. ಮೈಯಲ್ಲಿರುವ ಕೊಬ್ಬು ಹಗೇವು. ಒಂದು ಗ್ರಾಂ ಪಿಷ್ಟದಿಂದ ೪ ಕ್ಯಾಲೊರಿ ಶಕ್ತಿ ಬಂದರೆ ಒಂದು ಗ್ರಾಂ ಕೊಬ್ಬಿನಿಂದ ೯ ಕ್ಯಾಲೊರಿ ಬರುತ್ತದೆ. ಹತ್ತು ಕಿಲೋ ಕೊಬ್ಬು ಇರುವವನ ಹಗೇವಿನಲ್ಲಿ ಸುಮಾರು ೯೦,೦೦೦ ಕ್ಯಾಲೊರಿ ಇದೆಯೆಂದಾಯಿತು. ಒಂದು ತಿಂಗಳಿಗೆ ಮಿಕ್ಕ ದಾಸ್ತಾನು.

ಈ ಹಗೇವಿನ ಬಾಯಿಯ ಮೇಲಿರುವ ಕಲ್ಲು ಯಾವುದು? ಅದೇ ಇನ್ಸುಲಿನ್. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯಿಂದ ಇದು ರಕ್ತಕ್ಕೆ ಬರುತ್ತದೆ. ಗ್ಲೂಕೋಸನ್ನು ಜೀವಕೋಶಗಳ ಒಳಕ್ಕೆ ಬಿಡುವುದು ಇದರ ಕೆಲಸವೆಂದು ನಾವೆಲ್ಲರೂ ಕೇಳಿದ್ದೇವೆ. ಅದು ಅರ್ಧ ಮಾತು. ಕೊಬ್ಬು ಕರಗದಂತೆ ತಡೆಹಿಡಿಯುವುದು ಇದರ ಇನ್ನೊಂದು ಕೆಲಸ. ಈ ಎರಡನೆಯ ಕೆಲಸವನ್ನು ವಾಚಕರು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನಾನು ಮುಂದೆ ಹೇಳುವ ಕಷ್ಟವೆಲ್ಲ ಇದನ್ನು ತಿಳಿಯದೆ ಬಂದದ್ದು.

ಪಿಷ್ಟವನ್ನು ತಿನ್ನುವುದು ಬಿಟ್ಟರೆ ಇನ್ಸುಲಿನ್ನು ಇಳಿಯುತ್ತದೆ. ಕಲ್ಲು ಸ್ವಲ್ಪ ಸರಿಯುತ್ತದೆ. ಕೊಬ್ಬು ಕರಗಿ ರಕ್ತಕ್ಕೆ ಬರುತ್ತದೆ. ಹೃದಯ, ಮಾಂಸಖಂಡಗಳು ಆ ಕೊಬ್ಬನ್ನು ನೇರವಾಗಿ ಉರಿಸಿಕೊಳ್ಳಬಲ್ಲವು. ಮೆದುಳಿಗೆ ಅದು ಸಾಧ್ಯವಿಲ್ಲ. ತೂಕದಲ್ಲಿ ದೇಹದ ನೂರರಲ್ಲಿ ಎರಡು ಪಾಲಿರುವ ಮೆದುಳು ಶಕ್ತಿಯಲ್ಲಿ ಐದರಲ್ಲೊಂದು ಪಾಲನ್ನು ಕೇಳುತ್ತದೆ. ದಿನಕ್ಕೆ ಸುಮಾರು ೧೨೦ ಗ್ರಾಂ ಗ್ಲೂಕೋಸು ಅದಕ್ಕೆ ಬೇಕು. ಅದು ಸಿಕ್ಕದಾಗ ಯಕೃತ್ತು ಕೊಬ್ಬನ್ನು ತುಂಡರಿಸಿ, ಮೆದುಳು ಉಣ್ಣಬಲ್ಲ ರೂಪಕ್ಕೆ ತಂದುಕೊಡುತ್ತದೆ. ರಾಗಿಯನ್ನು ಬೀಸಿ ಹಿಟ್ಟು ಮಾಡಿಕೊಟ್ಟ ಹಾಗೆ. ಈ ಹಿಟ್ಟೇ ಕೀಟೋನು. ವಿಚಿತ್ರವೆಂದರೆ ಇದನ್ನು ತಯಾರಿಸುವ ಯಕೃತ್ತು ತಾನು ಮಾತ್ರ ಇದನ್ನು ಬಳಸಲಾರದು. ಬಡಿಸುವುದಷ್ಟೇ ಅದರ ಪಾಲಿಗೆ ಬಂದದ್ದು.

ಕೀಟೋನುಗಳು ಮೂರು: ಅಸಿಟೋಅಸಿಟೇಟು, ಬೀಟಾ-ಹೈಡ್ರಾಕ್ಸಿಬ್ಯುಟಿರೇಟು ಮತ್ತು ಅಸಿಟೋನು. ಮೊದಲನೆಯ ಎರಡು ಇಂಧನಗಳು. ಆಮ್ಲದ ಜಾತಿಗೆ ಸೇರಿದವು. ಮೂರನೆಯದು ಉಸಿರಿನಲ್ಲಿ ಹೊರಕ್ಕೆ ಹೋಗುತ್ತದೆ. ಹೆಣ್ಣುಮಕ್ಕಳು ಉಗುರಿನ ಬಣ್ಣ ತೆಗೆಯಲು ಬಳಸುವ ದ್ರವದಲ್ಲಿ ಇರುವುದು ಇದೇ. ಕೀಟೋನುಗಳು ರಕ್ತದಲ್ಲಿ ಹೆಚ್ಚಿ, ದೇಹವು ಅವನ್ನು ಆಶ್ರಯಿಸುವ ಸ್ಥಿತಿಗೆ ಕೀಟೋಸಿಸ್ ಎಂದು ಹೆಸರು.

ಇದು ಹೊಸದಾಗಿ ಕಂಡುಹಿಡಿದ ಸ್ಥಿತಿಯಲ್ಲ. ರಾತ್ರಿ ಉಂಡು ಮಲಗಿ ಬೆಳಿಗ್ಗೆ ಏಳುವ ಹೊತ್ತಿಗೆ ಎಲ್ಲರ ರಕ್ತದಲ್ಲಿಯೂ ಕೀಟೋನು ಒಂದಿಷ್ಟು ಇರುತ್ತದೆ. ನಿಷ್ಠೆಯಿಂದ ಏಕಾದಶಿ ಮಾಡುವವರು ದ್ವಾದಶಿಯ ಪಾರಣೆಗೆ ಕೂರುವಾಗ ಅಲ್ಪ ಪ್ರಮಾಣದ ಕೀಟೋಸಿಸ್ಸಿನಲ್ಲಿಯೇ ಇರುತ್ತಾರೆ. ಉಪವಾಸವೆಂದು ಉಪ್ಪಿಟ್ಟು, ಅವಲಕ್ಕಿ, ಬಾಳೆಹಣ್ಣುಗಳನ್ನು ಸೇವಿಸುವವರಿಗೆ ಮಾತ್ರ ಈ ಯೋಗವಿಲ್ಲ!

೩. ನನ್ನ ಅರವತ್ತು ದಿನಗಳು

ನನ್ನ ತೂಕ ೮೬ ಕಿಲೋ ಆಗಿತ್ತು. ರಕ್ತದ ಸಕ್ಕರೆ ಗಡಿಯಲ್ಲಿ ನಿಂತಿತ್ತು. ಅನ್ನ ಬಿಡುವ ವಿಚಾರವನ್ನು ಹೇಳಿದಾಗ ನಮ್ಮ ವೈದ್ಯರು ಮೊದಲು ಮೂರು ಪ್ರಶ್ನೆ ಕೇಳಿದರು. ಇನ್ಸುಲಿನ್ ತೆಗೆದುಕೊಳ್ಳುತ್ತೀರಾ? ಸಕ್ಕರೆಗೆ ಮಾತ್ರೆ ಏನಾದರೂ ಇದೆಯೆ? ಮೂತ್ರಪಿಂಡದ ತೊಂದರೆ ಇದೆಯೆ? ಮೂರಕ್ಕೂ ನಾನು ಇಲ್ಲವೆಂದೆ. ರಕ್ತಪರೀಕ್ಷೆ ಮಾಡಿಸಿ ನೋಡಿ, "ಹಾಗಾದರೆ ಎರಡು ತಿಂಗಳು ಮಾಡಿ ನೋಡೋಣ, ದಿನಕ್ಕೆ ೫೦ ಗ್ರಾಂ ಪಿಷ್ಟ ಮೀರಬೇಡಿ" ಎಂದರು. ಆ ಮೂರು ಪ್ರಶ್ನೆಗಳ ಬೆಲೆ ನನಗೆ ಆಗ ತಿಳಿಯಲಿಲ್ಲ.

೫೦ ಗ್ರಾಂ ಎಂದರೆ ಎಷ್ಟು ಎನ್ನುವಿರಾ? ೧೦೦ ಗ್ರಾಂ ರಾಗಿಹಿಟ್ಟಿನಲ್ಲಿ ಮಾಡಿದ ಮುದ್ದೆಯಲ್ಲಿ ಸುಮಾರು ೭೦ ಗ್ರಾಂ ಪಿಷ್ಟವಿರುತ್ತದೆ. ೨೦೦ ಗ್ರಾಂ ಅನ್ನದಲ್ಲಿ ೫೫ ಗ್ರಾಂ ಆಗುತ್ತದೆ. ಒಂದೇ ಮುದ್ದೆಗೆ ಒಂದು ದಿನದ ಲೆಕ್ಕ ಮುಗಿದು ಮೇಲೆ ಸಾಲವಾಯಿತು. ಉಳಿದದ್ದು ಮೊಟ್ಟೆ, ಕೋಳಿ, ಮೊಸರು, ಕಡಲೆಕಾಯಿ, ತೆಂಗಿನಕಾಯಿ, ಸೊಪ್ಪುಗಳು. ಬೇಳೆಕಾಳುಗಳಲ್ಲಿಯೂ ಪಿಷ್ಟ ಇರುವುದರಿಂದ ಅವೂ ಅಳತೆಯಲ್ಲಿ. "ಮುದ್ದೆ ಇಲ್ಲದ ಬಸ್ಸಾರು ಯಾರಿಗೆ ಮಾಡೋದು ರೀ?" ಎಂದು ಮನೆಯಾಕೆ ಮೊದಲ ದಿನವೇ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಮೊದಲ ಎರಡು ದಿನ ಆಸೆಯೊಂದನ್ನು ಬಿಟ್ಟರೆ ಬೇರೆ ಬಾಧೆ ಇರಲಿಲ್ಲ. ಮೂರನೆಯ ದಿನ ತಲೆನೋವು ಹಿಡಿಯಿತು. ಕುಳಿತಲ್ಲಿಂದ ಎದ್ದರೆ ಕಣ್ಣು ಕತ್ತಲಿಡುತ್ತಿತ್ತು. ತರಗತಿಯಲ್ಲಿ ಎರಡನೆಯ ಪುಲಕೇಶಿಯ ಇಸವಿ ನಾಲಗೆಯ ತುದಿಯಲ್ಲಿ ನಿಂತು ಹೊರಕ್ಕೆ ಬರಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಆಕಳಿಸಿದ್ದಕ್ಕೆ ಅನವಶ್ಯಕವಾಗಿ ರೇಗಿದೆ. ಆತನಲ್ಲಿ ಈಗ ಕ್ಷಮೆ ಕೇಳುತ್ತೇನೆ. ರಾತ್ರಿ ಮೀನಖಂಡ ಹಿಡಿದುಕೊಂಡು ಎದ್ದು ಕೂರುವಂತಾಯಿತು. ಶೀತಜ್ವರ ಬಂದು ಹೋದವನ ಮೈಯಂತೆ ಮೈ. ಅನೇಕರಿಗೆ ಹೀಗೆಯೇ ಆಗುತ್ತದೆಂದೂ ಒಂದು ವಾರದೊಳಗೆ ಇಳಿಯುತ್ತದೆಂದೂ ವೈದ್ಯರು ಹೇಳಿದರು.

ಇದರ ಕಾರಣ ಸ್ವಾರಸ್ಯವಾಗಿದೆ. ಇನ್ಸುಲಿನ್ನು ಹೆಚ್ಚಿದ್ದಾಗ ಮೂತ್ರಪಿಂಡಗಳು ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದು ಇಳಿದೊಡನೆ ಉಪ್ಪನ್ನು ಹೊರಕ್ಕೆ ಬಿಡುತ್ತವೆ. ಉಪ್ಪಿನೊಂದಿಗೆ ನೀರೂ ಹೋಗುತ್ತದೆ. ತಲೆಸುತ್ತು, ತಲೆನೋವು, ಸೆಳೆತಗಳಲ್ಲಿ ದೊಡ್ಡ ಪಾಲು ಇದರದು. ಬಸ್ಸಾರಿನ ತಿಳಿಯನ್ನು ಸರಿಯಾಗಿ ಉಪ್ಪು ಹಾಕಿ ಲೋಟದಲ್ಲಿ ಕುಡಿಯಲು ಹೇಳಿದರು. ಎರಡು ದಿನದಲ್ಲಿ ತಲೆ ಎತ್ತುವಂತಾಯಿತು. ಮನೆಯಾಕೆಯ ಪ್ರಶ್ನೆಗೂ ಉತ್ತರ ಸಿಕ್ಕಿತು! ರಕ್ತದೊತ್ತಡ ಇರುವವರು ಮಾತ್ರ ಈ ಉಪ್ಪಿನ ಚಿಕಿತ್ಸೆಯನ್ನು ತಾವಾಗಿಯೇ ಮಾಡಿಕೊಳ್ಳಬಾರದು.

ಐದನೆಯ ದಿನ ನನ್ನ ಉಸಿರಿನಲ್ಲಿ ಏನೋ ವಾಸನೆ ಎಂದು ಮನೆಯಲ್ಲಿ ದೂರಿದರು. ಔಷಧದ ಅಂಗಡಿಯಿಂದ ಮೂತ್ರ ಪರೀಕ್ಷಿಸುವ ಕಾಗದದ ಪಟ್ಟಿ ತಂದು ನೋಡಿದೆ. ನೇರಿಳೆ ಬಣ್ಣಕ್ಕೆ ತಿರುಗಿತು. ಈ ಪಟ್ಟಿ ತೋರಿಸುವುದು ಅಸಿಟೋಅಸಿಟೇಟನ್ನು ಮಾತ್ರ. ರಕ್ತದಲ್ಲಿ ಹೆಚ್ಚಾಗಿ ಇರುವ ಬೀಟಾ-ಹೈಡ್ರಾಕ್ಸಿಬ್ಯುಟಿರೇಟು ಇದಕ್ಕೆ ಕಾಣುವುದಿಲ್ಲ. ಬೆರಳಿನಿಂದ ಹನಿ ರಕ್ತ ತೆಗೆದು ನೋಡುವ ಯಂತ್ರದಲ್ಲಿ ನನ್ನದು ೧.೪ ಮಿಲಿಮೋಲು ಎಂದು ಬಂತು. ಇಂಥ ಆಹಾರದಲ್ಲಿ ಸಾಮಾನ್ಯವಾಗಿ ಅರ್ಧದಿಂದ ಮೂರರವರೆಗೆ ಇರುತ್ತದೆ.

ಒಂದು ವಾರಕ್ಕೆ ತೂಕ ಎರಡೂವರೆ ಕಿಲೋ ಇಳಿದಿತ್ತು. ನನ್ನ ಸಂತೋಷಕ್ಕೆ ಪಾರವೇ ಇಲ್ಲ. ವೈದ್ಯರು ನಕ್ಕು ಲೆಕ್ಕ ಹೇಳಿದರು: ಒಂದು ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿರುತ್ತದೆ. ಅರ್ಧ ಕಿಲೋ ಗ್ಲೈಕೋಜನ್ ಖರ್ಚಾದರೆ ನೀರೂ ಸೇರಿ ಎರಡು ಕಿಲೋ. ಮೊದಲ ವಾರ ಇಳಿದದ್ದು ಬಹುಪಾಲು ನೀರು. ಊರ ಜಾತ್ರೆಯಲ್ಲಿ ಎರಡು ದಿನ ಮುದ್ದೆ, ಹೋಳಿಗೆ ಉಂಡು ಬಂದಾಗ ಒಂದೂವರೆ ಕಿಲೋ ಮರಳಿ ಬಂತು, ಅದೂ ನೀರೇ. ತಕ್ಕಡಿಯ ಮುಳ್ಳನ್ನು ನೋಡಿ ಹಿಗ್ಗುವವರೂ ಕುಗ್ಗುವವರೂ ಇದನ್ನು ತಿಳಿದಿರಬೇಕು.

ಎರಡನೆಯ ವಾರದಿಂದ ಹಸಿವಿನ ಸ್ವರೂಪವೇ ಬದಲಾಯಿತು. ಮೊದಲು ಹನ್ನೊಂದು ಗಂಟೆಗೆ ಕೈ ನಡುಗಿಸುವ ಹಸಿವು, ನಾಲ್ಕು ಗಂಟೆಗೆ ಬಿಸ್ಕತ್ತು ಬೇಡುವ ಹಸಿವು ಇದ್ದವು. ಈಗ ಹಸಿವು ಬಂದರೂ ಆತುರಪಡಿಸುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಸಾವಧಾನವಾಗಿ ಕರೆಯುವ ನೆಂಟನಂತೆ ಇತ್ತು. ಊಟವಾದ ಮೇಲಿನ ತೂಕಡಿಕೆ ಇಲ್ಲವಾಯಿತು. ತಲೆ ತಿಳಿಯಾಗಿದೆ ಎನಿಸಿತು. ಇದು ಕೀಟೋನಿನ ಗುಣವೋ, ಮಧ್ಯಾಹ್ನದ ಎರಡು ಮುದ್ದೆ ಬಿಟ್ಟದ್ದರ ಗುಣವೋ, ತೂಕ ಇಳಿದ ಉತ್ಸಾಹವೋ ಎಂದು ಕೇಳಿದರೆ ನನ್ನೊಬ್ಬನ ಅನುಭವ ಅದಕ್ಕೆ ಸಾಕ್ಷಿಯಾಗಲಾರದು. ನಡಿಗೆಗೆ ಯಾವ ತೊಂದರೆಯೂ ಇರಲಿಲ್ಲ. ಆದರೆ ಬಸ್ಸು ಹಿಡಿಯಲು ಓಡಿದಾಗ ಕಾಲಿನಲ್ಲಿ ಬಲವೇ ಇಲ್ಲದಂತಾಯಿತು. ಕೊಬ್ಬು ನಿಧಾನವಾಗಿ ಉರಿಯುವ ಸೌದೆ. ಒಮ್ಮೆಲೆ ಜ್ವಾಲೆ ಬೇಕಾದಾಗ ಗ್ಲೂಕೋಸಿನ ಪುರಳೆಯೇ ಬೇಕು. ಮಲಬದ್ಧತೆಯೂ ಕಾಡಿತು, ಸೊಪ್ಪು, ನೀರು ಹೆಚ್ಚು ಮಾಡಿಕೊಂಡ ಮೇಲೆ ಸರಿಹೋಯಿತು.

ಅರವತ್ತು ದಿನಕ್ಕೆ ತೂಕ ೭೯ ಕಿಲೋ. ಸಕ್ಕರೆ ಗಡಿಯಿಂದ ಹಿಂದಕ್ಕೆ ಸರಿದಿತ್ತು. ಕೆಟ್ಟ ಕೊಲೆಸ್ಟರಾಲು ಎಂದು ಹೇಳುವುದು ಸ್ವಲ್ಪ ಏರಿತ್ತು, ಕೆಲವರಿಗೆ ಹೀಗಾಗುವುದುಂಟಂತೆ. ಅಲ್ಲಿಗೆ ಕಟ್ಟುನಿಟ್ಟನ್ನು ಸಡಿಲಿಸಿ, ರಾತ್ರಿ ಮಾತ್ರ ಅನ್ನ ಬಿಟ್ಟು, ಮಧ್ಯಾಹ್ನ ಅರ್ಧ ಮುದ್ದೆಗೆ ಬಂದೆ. ಪಡಿತರದ ಅಕ್ಕಿ ಮನೆಯಲ್ಲಿರುವಾಗ ದಿನವೂ ಮೊಟ್ಟೆ, ಪನೀರುಗಳನ್ನು ಕೊಳ್ಳುವುದು ಎಲ್ಲರ ಕೈಗೆ ಎಟುಕುವ ಮಾತೂ ಅಲ್ಲ. ೨೦೧೮ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ೬೦೯ ಮಂದಿಯನ್ನು ಒಂದು ವರ್ಷ ಪರೀಕ್ಷಿಸಿ ಪ್ರಕಟಿಸಿದ ಫಲಿತಾಂಶದಲ್ಲಿ, ಪಿಷ್ಟ ಕಡಿಮೆ ಮಾಡಿದವರು ಸರಾಸರಿ ೬ ಕಿಲೋ, ಕೊಬ್ಬು ಕಡಿಮೆ ಮಾಡಿದವರು ೫.೩ ಕಿಲೋ ಇಳಿದಿದ್ದರು. ಅಂತರ ಲೆಕ್ಕಕ್ಕೆ ಬರುವಂಥದಲ್ಲ. ದಾರಿ ಎರಡು, ಯಾರಿಗೆ ಯಾವುದರಲ್ಲಿ ನಿಂತು ನಡೆಯಲು ಆಗುತ್ತದೋ ಅದು ಅವರದು.

೪. ಇಬ್ಬರು ಬ್ಯಾಂಟಿಂಗರು

ಕಟ್ಟುನಿಟ್ಟು ನಡೆಯುತ್ತಿದ್ದ ದಿನಗಳಲ್ಲಿ ಈ ವಿಷಯದ ಚರಿತ್ರೆಯನ್ನು ಹುಡುಕಿ ಓದಿದೆ. ವೃತ್ತಿಯ ಚಪಲ ಎನ್ನಬಹುದು.

೧೮೫೭ರಲ್ಲಿ ಪೆಟ್ಟರ್ಸ್ ಎಂಬಾತ ಮಧುಮೇಹದ ರೋಗಿಯ ಮೂತ್ರದಲ್ಲಿ ಅಸಿಟೋನು ಇರುವುದನ್ನು ಗುರುತಿಸಿದ. ೧೮೬೩ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತ ಬೊಜ್ಜನ್ನು ಕುರಿತು ಸಾರ್ವಜನಿಕರಿಗೆ ಒಂದು ಪತ್ರವನ್ನು ಅಚ್ಚು ಹಾಕಿಸಿದ. ಈತ ಸತ್ತವರ ಉತ್ತರಕ್ರಿಯೆಗಳ ಏರ್ಪಾಡು ಮಾಡುವ ವೃತ್ತಿಯವನು. ಬ್ರೆಡ್ಡು, ಸಕ್ಕರೆ, ಆಲೂಗೆಡ್ಡೆಗಳನ್ನು ಬಿಟ್ಟು ಮೈ ಇಳಿಸಿಕೊಂಡ ಸ್ವಂತ ಕಥೆ ಅದರಲ್ಲಿತ್ತು. ಪುಸ್ತಿಕೆ ಎಷ್ಟು ಹೆಸರಾಯಿತೆಂದರೆ 'ಬ್ಯಾಂಟಿಂಗ್ ಮಾಡುವುದು' ಎಂದರೆ ಪಥ್ಯ ಮಾಡುವುದು ಎಂಬ ಅರ್ಥವೇ ಇಂಗ್ಲಿಷಿನಲ್ಲಿ ಬಂತು. ಈಗಿನ 'ಕೀಟೋ'ವಿನ ಮುತ್ತಜ್ಜ ಈತ. ೧೮೭೪ರಲ್ಲಿ ಜರ್ಮನಿಯ ಕುಸ್‌ಮೌಲ್ ಎಂಬ ವೈದ್ಯ, ಮಧುಮೇಹದಿಂದ ಸಾಯುತ್ತಿರುವವರು ಎಚ್ಚರ ತಪ್ಪುವ ಮುನ್ನ ಆಳವಾಗಿ ದೊಡ್ಡದಾಗಿ ಉಸಿರೆಳೆಯುವುದನ್ನು ವರ್ಣಿಸಿದ. ಆ ಉಸಿರಾಟಕ್ಕೆ ಇಂದಿಗೂ ಆತನ ಹೆಸರೇ ಇದೆ.

ಉಪವಾಸದಿಂದ ಮೂರ್ಛೆರೋಗದ ಸೆಳವು ಕಡಿಮೆಯಾಗುವುದು ಮೊದಲಿನಿಂದಲೂ ಕಂಡುಬಂದಿತ್ತು. ೧೯೨೧ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ರಸೆಲ್ ವೈಲ್ಡರ್, ಉಪವಾಸ ಮಾಡಿಸದೆಯೇ ಕೊಬ್ಬು ಹೆಚ್ಚು, ಪಿಷ್ಟ ಅತ್ಯಲ್ಪವಾದ ಆಹಾರದಿಂದ ಕೀಟೋನನ್ನು ಹೆಚ್ಚಿಸಬಹುದೆಂದು ಸೂಚಿಸಿ, ಅದಕ್ಕೆ ಕೀಟೋಜನಿಕ್ ಆಹಾರ ಎಂದು ಹೆಸರಿಟ್ಟ. ೧೯೩೮ರಲ್ಲಿ ಫೆನಿಟಾಯಿನ್ ಎಂಬ ಔಷಧ ಬಂದ ಮೇಲೆ ಈ ಆಹಾರ ಹಿಂದೆ ಸರಿಯಿತು. ಆದರೂ ಔಷಧಗಳಿಗೆ ಬಗ್ಗದ ಮೂರ್ಛೆಯಿರುವ ಮಕ್ಕಳಿಗೆ ವೈದ್ಯರ ಮೇಲ್ವಿಚಾರಣೆಯಲ್ಲಿ ಇದನ್ನು ಇಂದಿಗೂ ಕೊಡುತ್ತಾರೆ. ೧೯೬೭ರಲ್ಲಿ ಅಮೆರಿಕದ ಓವೆನ್, ಕೇಹಿಲ್ ಮತ್ತು ಸಂಗಡಿಗರು ಐದಾರು ವಾರ ಉಪವಾಸವಿದ್ದ ಮೂವರು ಸ್ಥೂಲಕಾಯರ ಮೆದುಳಿಗೆ ಹೋಗುವ, ಬರುವ ರಕ್ತವನ್ನು ಪರೀಕ್ಷಿಸಿದರು. ಅವರ ಮೆದುಳು ತನಗೆ ಬೇಕಾದ ಇಂಧನದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕೀಟೋನಿನಿಂದಲೇ ಪಡೆಯುತ್ತಿತ್ತು. ಬರಗಾಲಗಳನ್ನು ದಾಟಿ ಮನುಷ್ಯಕುಲ ಉಳಿದು ಬಂದ ಗುಟ್ಟಿನಲ್ಲಿ ಇದೂ ಒಂದು.

ಇನ್ನೊಬ್ಬ ಬ್ಯಾಂಟಿಂಗ್ ಕೆನಡಾದ ಟೊರಾಂಟೊ ನಗರದ ಫ್ರೆಡರಿಕ್ ಬ್ಯಾಂಟಿಂಗ್. ಈತನೂ ಬೆಸ್ಟ್, ಮ್ಯಾಕ್ಲಿಯಡ್, ಕಾಲಿಪ್ ಎಂಬುವರೂ ಸೇರಿ ೧೯೨೧-೨೨ರಲ್ಲಿ ಇನ್ಸುಲಿನ್ನನ್ನು ಬೇರ್ಪಡಿಸಿದರು. ಅದಕ್ಕೆ ಮೊದಲು, ಇನ್ಸುಲಿನ್ನೇ ಹುಟ್ಟದ ಬಗೆಯ ಮಧುಮೇಹ ಬಂದ ಮಕ್ಕಳಿಗೆ ಔಷಧವೇ ಇರಲಿಲ್ಲ. ಅಮೆರಿಕದ ಫ್ರೆಡರಿಕ್ ಆಲೆನ್ ಎಂಬ ವೈದ್ಯ ಅವರನ್ನು ಅರೆ ಉಪವಾಸದಲ್ಲಿ ಇಟ್ಟು ಆಯುಸ್ಸನ್ನು ಒಂದಿಷ್ಟು ಎಳೆಯುತ್ತಿದ್ದ.

೫. ಅರ್ಧ ಹೇಳಿದ ಚರಿತ್ರೆ

ದಸರಾ ರಜೆಗೆ ನನ್ನ ಅಕ್ಕನ ಮಗ ಮನೆಗೆ ಬಂದಿದ್ದ. ಇಪ್ಪತ್ತು ವರ್ಷದ ಹುಡುಗ, ಬೇರೆ ಊರಿನಲ್ಲಿ ಓದುತ್ತಿದ್ದಾನೆ. ಹನ್ನೊಂದನೆಯ ವಯಸ್ಸಿನಿಂದ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾನೆ. ರಾತ್ರಿ ಜಗಲಿಯ ಮೇಲೆ ಕುಳಿತು ಇಬ್ಬರು ಬ್ಯಾಂಟಿಂಗರ ಕಥೆಯನ್ನು ಉತ್ಸಾಹದಿಂದ ಹೇಳಿದೆ. ಇನ್ಸುಲಿನ್ ಬರುವ ಮೊದಲು ಆಹಾರ ಕಡಿಮೆ ಮಾಡಿಯೇ ಚಿಕಿತ್ಸೆ ಕೊಡುತ್ತಿದ್ದರೆಂಬುದನ್ನೂ ಹೇಳಿದೆ. ಆತ ಬಹಳ ಹೊತ್ತು ಯೋಚಿಸಿದ.

"ಮಾವ, ಅನ್ನ ತಿಂದರೆ ಸಕ್ಕರೆ ಏರುತ್ತೆ. ಸಕ್ಕರೆ ಏರೋದಕ್ಕೆ ಇನ್ಸುಲಿನ್ ಬೇಕು. ಅನ್ನಾನೇ ಬಿಟ್ಟುಬಿಟ್ಟರೆ?"

"ಡಾಕ್ಟರನ್ನ ಕೇಳು ಕಣೋ" ಎಂದು ನಕ್ಕೆ. ಅಷ್ಟೇ ಹೇಳಿದ್ದು. ಆಲೆನ್ನನ ಪಥ್ಯದಲ್ಲಿದ್ದ ಆ ಮಕ್ಕಳು ಎಲುಬಿನ ಗೂಡಾಗಿ ಒಬ್ಬೊಬ್ಬರೇ ತೀರಿಕೊಂಡರೆಂಬುದನ್ನು ಹೇಳಲಿಲ್ಲ. ೧೯೨೨ರ ಜನವರಿಯಲ್ಲಿ ಮೊದಲ ಇನ್ಸುಲಿನ್ ಪಡೆದ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಸಾವಿನ ಅಂಚಿನಿಂದ ಎದ್ದು ಹದಿಮೂರು ವರ್ಷ ಬದುಕಿದನೆಂಬುದನ್ನೂ ಹೇಳಲಿಲ್ಲ. ಹೊತ್ತಾಯಿತೆಂದು ಮಲಗಲು ಹೋದೆ.

ಹುಡುಗ ವಿದ್ಯಾರ್ಥಿನಿಲಯಕ್ಕೆ ಹಿಂದಿರುಗಿ ಅನ್ನ ಬಿಟ್ಟ. ಮೊದಲು ಊಟದ ಹೊತ್ತಿನ ಇಂಜೆಕ್ಷನ್ನು ಬಿಟ್ಟ; ಸಕ್ಕರೆ ಅಷ್ಟೇನೂ ಏರಲಿಲ್ಲ. ಧೈರ್ಯ ಬಂದು ರಾತ್ರಿಯದನ್ನೂ ಬಿಟ್ಟ. ಎರಡು ದಿನಕ್ಕೆ ವಾಂತಿ, ಹೊಟ್ಟೆನೋವು ಹಿಡಿಯಿತು. ಊಟದಲ್ಲಿ ಏನೋ ಹೆಚ್ಚುಕಡಿಮೆಯಾಗಿರಬೇಕೆಂದು ಜೊತೆಯವರು ತಿಳಿದರು. ಮಾರನೆಯ ಬೆಳಿಗ್ಗೆ ಅಕ್ಕ ಅಳುತ್ತ ಫೋನು ಮಾಡಿದಳು.

ನಾನು ಹೋಗಿ ನೋಡಿದಾಗ ಹುಡುಗ ಅರೆಗಣ್ಣು ತೆರೆದು ಮಲಗಿದ್ದ. ಮೈಲಿ ಓಡಿ ಬಂದವನಂತೆ ಎದೆ ಏರಿ ಇಳಿಯುತ್ತಿತ್ತು. ಬಗ್ಗಿ ಮಾತನಾಡಿಸಿದೆ. ಆಗ ಬಂತು ಆ ವಾಸನೆ, ಕಳಿತ ಹಣ್ಣಿನದು. ಕೊಟ್ಟಿಗೆಯ ಹಸು ಒಂದೇ ಕ್ಷಣದಲ್ಲಿ ಕಣ್ಣ ಮುಂದೆ ಬಂದು ನಿಂತಿತು. ನಾನು ಓದಿದ್ದ ಕುಸ್‌ಮೌಲ್ ಉಸಿರಾಟ ನನ್ನ ಅಕ್ಕನ ಮಗನ ಎದೆಯಲ್ಲಿ ನಡೆಯುತ್ತಿತ್ತು. ತಕ್ಷಣ ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಸಕ್ಕರೆ ೨೬೦ ಇತ್ತು. ಆತ ಅದಕ್ಕಿಂತ ಹೆಚ್ಚನ್ನು ಹಿಂದೆ ಎಷ್ಟೋ ಸಲ ನೋಡಿದ್ದವನು, ಹಾಗಾಗಿಯೇ ಹೆದರಿರಲಿಲ್ಲ. ಕೀಟೋನು ಅಳೆಯುವ ಯಂತ್ರ ಮಾತ್ರ ಎಂಟನ್ನು ದಾಟಿ, ಅಂಕಿ ತೋರಿಸದೆ 'ಹೈ' ಎಂದಷ್ಟೇ ತೋರಿಸಿತು. ರಕ್ತ ಆಮ್ಲವಾಗಿಬಿಟ್ಟಿತ್ತು. ಇದಕ್ಕೆ ಕೀಟೋಅಸಿಡೋಸಿಸ್ ಎಂದು ಹೆಸರು. ತಡಮಾಡಿದರೆ ಪ್ರಾಣಕ್ಕೇ ಎರವು. ನರದ ಮೂಲಕ ಉಪ್ಪುನೀರು, ಇನ್ಸುಲಿನ್, ಪೊಟ್ಯಾಸಿಯಂ ಕೊಟ್ಟು ಮೂರು ದಿನ ತೀವ್ರನಿಗಾ ಘಟಕದಲ್ಲಿ ಇಟ್ಟುಕೊಂಡರು. ಹುಡುಗ ಉಳಿದ.

ಅಲ್ಲಿಯ ವೈದ್ಯರು ನನ್ನನ್ನು ಕೂರಿಸಿಕೊಂಡು ಹೇಳಿದರು: "ಇನ್ಸುಲಿನ್ ಇರೋದು ಊಟಕ್ಕೆ ಮಾತ್ರ ಅಂತ ಇವನು ತಿಳಿದುಕೊಂಡ. ಊಟ ಇಲ್ಲದಾಗಲೂ ಅದಕ್ಕೆ ಕೆಲಸ ಇದೆ." ಆ ಕೆಲಸವೇ ಹಗೇವಿನ ಬಾಯಿಯ ಕಲ್ಲು. ನಾನು ಅನ್ನ ಬಿಟ್ಟಾಗ ನನ್ನ ಇನ್ಸುಲಿನ್ನು 'ಇಳಿಯಿತು', 'ಇಲ್ಲವಾಗಲಿಲ್ಲ'. ಕಲ್ಲು ಒಂದು ಗೇಣು ಸರಿದು, ಬೇಕಾದಷ್ಟೇ ಧಾನ್ಯ ಹೊರಬಂತು. ಕೀಟೋನು ಹೆಚ್ಚಿದರೆ ಅದೇ ಒಂದಿಷ್ಟು ಇನ್ಸುಲಿನ್ನನ್ನು ಹೊರಡಿಸಿ, ಕೊಬ್ಬು ಕರಗುವುದಕ್ಕೆ ಕಡಿವಾಣ ಹಾಕುತ್ತದೆ. ಆ ಹುಡುಗನ ಗ್ರಂಥಿಯಲ್ಲಿ ಇನ್ಸುಲಿನ್ನೇ ಹುಟ್ಟುವುದಿಲ್ಲ. ಚುಚ್ಚಿಕೊಂಡದ್ದೇ ಅವನ ಕಲ್ಲು. ಅದನ್ನೂ ಕಿತ್ತೆಸೆದ ಮೇಲೆ ಹಗೇವಿಗೆ ಹಗೇವೇ ಹೊರಕ್ಕೆ ಸುರಿಯಿತು. ಯಕೃತ್ತು ಬಿಡುವಿಲ್ಲದೆ ಬೀಸಿತು. ಆಮ್ಲವನ್ನು ತಾಳಿಕೊಳ್ಳುವ ರಕ್ತದ ಶಕ್ತಿ ಮುಗಿಯಿತು. ಆಮ್ಲವನ್ನು ಉಸಿರಿನಲ್ಲಿಯಾದರೂ ಕಳೆಯೋಣವೆಂದು ಎದೆ ಒದ್ದಾಡಿತು. ನನ್ನ ಉಸಿರಿನಲ್ಲಿ ಇದ್ದದ್ದೂ ಅವನ ಉಸಿರಿನಲ್ಲಿ ಇದ್ದದ್ದೂ ಒಂದೇ ಅಸಿಟೋನು. ವ್ಯತ್ಯಾಸವೆಲ್ಲ ಆ ಕಲ್ಲಿನದು.

೬. ಕಡೆಯ ಮಾತು

ಆದಕಾರಣ, ಈ ಪಥ್ಯವನ್ನು ಮಾಡಬಯಸುವವರು ನಮ್ಮ ವೈದ್ಯರ ಆ ಮೂರು ಪ್ರಶ್ನೆಗಳನ್ನು ಮೊದಲು ತಮಗೆ ಕೇಳಿಕೊಳ್ಳಲಿ. ಇನ್ಸುಲಿನ್ ತೆಗೆದುಕೊಳ್ಳುವವರು ತಾವಾಗಿ ಅದನ್ನು ಎಂದೂ ನಿಲ್ಲಿಸಕೂಡದು. ಊಟ ಸೇರದ ದಿನವೂ ಕೂಡದು. ಎಷ್ಟು ಬೇಕೆಂಬುದನ್ನು ವೈದ್ಯರು ಹೇಳಬೇಕು. ಸಕ್ಕರೆಯನ್ನು ಇಳಿಸುವ ಕೆಲವು ಮಾತ್ರೆಗಳನ್ನು ನುಂಗುತ್ತಲೇ ಅನ್ನ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೊದಲಾದ, ಸಕ್ಕರೆಯನ್ನು ಮೂತ್ರದಲ್ಲಿ ಕಳೆಯುವ ಮಾತ್ರೆಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಇವುಗಳಿಂದ ರಕ್ತದ ಸಕ್ಕರೆ ಹೆಚ್ಚು ಏರದೆಯೂ ಕೀಟೋಅಸಿಡೋಸಿಸ್ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ ೨೦೧೫ರಲ್ಲಿಯೇ ಎಚ್ಚರಿಸಿದೆ. ಬಸುರಿಯರೂ ಹಾಲೂಡಿಸುವ ತಾಯಂದಿರೂ ಇದರ ಗೊಡವೆಗೆ ಹೋಗಬಾರದು. ನಮ್ಮ ಕೊಟ್ಟಿಗೆಯ ಹಸುವಿನ ಕಥೆ ಅವರಿಗೆ ಸಾಕು. ಮೂತ್ರಪಿಂಡದ ರೋಗವಿರುವವರಿಗೂ ಇದು ಸಲ್ಲದು. ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು, ಮಂಪರು ಇವು ಒಟ್ಟಿಗೆ ಕಂಡರೆ ಮಾರನೆಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ಎಂದರೆ ಈ ಲೇಖನವನ್ನು ಓದುವ ಅನೇಕರ ಮನೆಯಲ್ಲಿ ಅಪ್ಪನದೋ ಅಜ್ಜಿಯದೋ ಮಾತ್ರೆಯ ಡಬ್ಬಿ ಇದೆ. ನೀವು ಫೋನಿನಲ್ಲಿ ನೋಡಿದ್ದನ್ನು ಅವರಿಗೆ ಹೇಳುವ ಮೊದಲು ಆ ಡಬ್ಬಿಯಲ್ಲಿ ಏನಿದೆ ಎಂದು ನೋಡಿ. ಕೀಟೋಸಿಸ್ ಭೂತವೂ ಅಲ್ಲ, ವರವೂ ಅಲ್ಲ. ಹಸಿವಿನ ಕಾಲಕ್ಕೆಂದು ಪ್ರಕೃತಿ ಇಟ್ಟಿರುವ ಒಂದು ಏರ್ಪಾಡು. ಅದರ ಬಾಗಿಲನ್ನು ತೆರೆಯುವವನು ಮುಚ್ಚುವ ಶಕ್ತಿ ತನ್ನಲ್ಲಿದೆಯೇ ಎಂದು ಮೊದಲು ತಿಳಿದಿರಬೇಕು.

ಸಂಕ್ರಾಂತಿಗೆ ಹುಡುಗ ಮತ್ತೆ ಬಂದಿದ್ದ. ಊಟಕ್ಕೆ ಮುಂಚೆ ಚುಚ್ಚಿಕೊಂಡು, ಮುದ್ದೆಯ ಮುಂದೆ ಕುಳಿತು, ನನ್ನನ್ನು ನೋಡಿ ನಕ್ಕ. "ಮಾವ, ಇನ್ನು ಮೇಲೆ ಚರಿತ್ರೆ ಹೇಳಿದರೆ ಪೂರ್ತಿ ಹೇಳಿ" ಎಂದ. ಆ ಮಾತನ್ನು ನಡೆಸಿಕೊಡುವುದಕ್ಕಾಗಿಯೇ ಇಷ್ಟನ್ನು ಬರೆದಿದ್ದೇನೆ.